ಎಸ್.ಎಸ್.ಪುರಂನಲ್ಲಿ ಲಿಫ್ಟ್ ಇಲ್ಲದ ಎಂಟು ಮನೆಯ ಹಳೇ ಬಿಲ್ಡಿಂಗ್: ಬಾಡಿಗೆ ಆಸೆಗೆ ತಗೊಳ್ಳಬಹುದಾ?

ಕುಣಿಗಲ್ ರಸ್ತೆಯವ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಎಸ್.ಎಸ್.ಪುರಂನಲ್ಲಿ ಒಂದು ಹಳೇ ಬಿಲ್ಡಿಂಗ್ ಮಾರಾಟಕ್ಕಿದೆ. ಎಸ್‌ಐಟಿ ಕಾಲೇಜಿಗೆ ನಡೆದೇ ಹೋಗಬಹುದು. 40×60 ಸೈಟು. ನೆಲಮಹಡಿ, ಅದರ ಮೇಲೆ ಮೂರು. ಒಂದೊಂದರಲ್ಲಿ ಎರಡು ಮನೆ, ಒಟ್ಟು ಎಂಟು. ಲಿಫ್ಟ್ ಇಲ್ಲ, ಕಾರು ನಿಲ್ಲಿಸಲು ಜಾಗ ಇಲ್ಲ. 1994ರಲ್ಲಿ ಕಟ್ಟಿದ್ದಂತೆ. ಕಟ್ಟಿಸಿದ ಯಜಮಾನರು ತೀರಿಕೊಂಡಿದ್ದಾರೆ. ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿ ನೆಲೆಸಿರುವುದರಿಂದ ಮಾರಿಬಿಡೋಣ ಅಂತ ಇದ್ದಾರೆ.

ಕೇಳುತ್ತಿರುವುದು 1 ಕೋಟಿ 85 ಲಕ್ಷ. ಬ್ರೋಕರ್ ಕೊಟ್ಟ ಬಾಡಿಗೆ ಚೀಟಿ ಹೀಗಿದೆ: ಕೆಳಗಿನ ಮನೆಗಳು ತಲಾ 9,000, ಮೊದಲ ಮಹಡಿ ತಲಾ 8,500, ಎರಡನೆಯದು 7,500, ಮೂರನೆಯದು 6,000. ತಿಂಗಳಿಗೆ 62,000. ಎಂಟೂ ಮನೆ ಭರ್ತಿ.

ಊರ ಕಡೆ ಜಮೀನು ಮಾರಿದ ನಮ್ಮ ಪಾಲಿನ ದುಡ್ಡು, ಕೂಡಿಟ್ಟಿದ್ದು ಎಲ್ಲ ಸೇರಿ 1 ಕೋಟಿ 10 ಲಕ್ಷ ಇದೆ. ಉಳಿದದ್ದು ಸಾಲ. ನನ್ನದು ಸಂಬಳದ ಕೆಲಸ. ಅಮ್ಮನಿಗೆ ತಿಂಗಳು ತಿಂಗಳು ಏನಾದರೂ ಕೈಗೆ ಬರಲಿ ಅನ್ನುವುದೇ ಮುಖ್ಯ ಆಸೆ. ಇಂಥ ಹಳೇ ಕಟ್ಟಡ ತಗೊಂಡವರು, ನಡೆಸುತ್ತಿರುವವರು ಇದ್ದರೆ ಹೇಳಿ.

ಬಟವಾಡಿ ಗುರು

ಬ್ರೋಕರ್ ಮೆಟ್ರೋ ಬರುತ್ತೆ ಅಂತ ಹೇಳಿದ್ನಾ ಇಲ್ವಾ, ಅದನ್ನ ಮೊದಲು ಹೇಳು ಗುರು.

ಕುಣಿಗಲ್ ರಸ್ತೆಯವ

ಹೇಳಿದ. ಅದೂ ಮೊದಲನೇ ಮಾತಿನಲ್ಲೇ.

ಬಟವಾಡಿ ಗುರು

ಮೆಟ್ರೋ ಬೆಂಗಳೂರಿನ ಅಂಚಿನ ಮಾದಾವರದ ತನಕ ಬಂದಿದ್ದು 2024ರ ನವೆಂಬರ್‌ನಲ್ಲಿ. ಅಲ್ಲಿಂದ ಈಚೆಗೆ ಒಂದು ಗಜ ಹಳಿಯೂ ಬಿದ್ದಿಲ್ಲ. ನಮ್ಮ ಬ್ರೋಕರ್‌ಗಳು ಮಾತ್ರ ಕ್ಯಾತ್ಸಂದ್ರದಲ್ಲಿ ಸ್ಟೇಷನ್ ಕಟ್ಟಿ ರೇಟು ಏರಿಸಿ ಆಯ್ತು. ಆ ಮಾತಿಗೆ ಒಂದು ರೂಪಾಯಿನೂ ಜಾಸ್ತಿ ಕೊಡಬೇಡ.

ನಿವೃತ್ತ ಬ್ಯಾಂಕಿನವ

ಚೀಟಿಯ ಲೆಕ್ಕ ನೋಡೋಣ. 62,000 ಅಂದರೆ ವರ್ಷಕ್ಕೆ 7 ಲಕ್ಷ 44 ಸಾವಿರ. 1.85 ಕೋಟಿಗೆ ಶೇ 4. ಇದು ಬ್ರೋಕರ್ ಲೆಕ್ಕ. ಈಗ ನನ್ನ ಲೆಕ್ಕ.

ರಿಜಿಸ್ಟ್ರೇಷನ್ ಖರ್ಚು ಸೇರಿಸಿ. ನಮ್ಮ ರಾಜ್ಯದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಎಲ್ಲ ಸೇರಿ ಪಟ್ಟಣದಲ್ಲಿ ಶೇ 7.6. ನಿಮ್ಮ ಬಿಲ್ಡಿಂಗಿಗೆ 14 ಲಕ್ಷ ಆಯಿತು. ಅಲ್ಲಿಗೆ 1 ಕೋಟಿ 99 ಲಕ್ಷ.

ಇನ್ನು ಬಾಡಿಗೆ. ಕಂದಾಯ, ನೀರಿನ ಬಿಲ್ಲು, ಮೋಟಾರು ಮತ್ತು ಮೆಟ್ಟಿಲ ಲೈಟಿನ ಕರೆಂಟು, ಮನೆ ಖಾಲಿಯಾದಾಗ ಸುಣ್ಣಬಣ್ಣ, ಖಾಲಿ ಬಿದ್ದ ತಿಂಗಳು. ಹಳೇ ಕಟ್ಟಡಕ್ಕೆ ಐದರಲ್ಲಿ ಒಂದು ಪಾಲು ಇದಕ್ಕೇ ತೆಗೆದಿಡಿ. ಉಳಿದದ್ದು ಸುಮಾರು 5 ಲಕ್ಷ 95 ಸಾವಿರ. ಶೇ 3 ಕೂಡ ಸರಿಯಾಗಿ ಆಗಲಿಲ್ಲ.

ನಿಮಗೆ 90 ಲಕ್ಷ ಸಾಲ ಬೇಕಾಗುತ್ತದೆ. ಶೇ 9.5 ಬಡ್ಡಿ, 15 ವರ್ಷ ಅಂತ ಹಿಡಿದರೆ ಕಂತು ಹತ್ತಿರಹತ್ತಿರ 94 ಸಾವಿರ. ಬಾಡಿಗೆ 62. ಅಮ್ಮನ ಕೈಗೆ ಬರುವುದಿರಲಿ, ನಿಮ್ಮ ಸಂಬಳದಿಂದಲೇ ತಿಂಗಳಿಗೆ 32 ಸಾವಿರ ಹೋಗುತ್ತದೆ. ಇದನ್ನು ಗೃಹಸಾಲದ ದರದಲ್ಲಿ ಕೊಡುತ್ತಾರೆ ಅಂತ ನಂಬಬೇಡಿ. ಎಂಟು ಬಾಡಿಗೆ ಮನೆಯ ಕಟ್ಟಡವನ್ನು ಬ್ಯಾಂಕು ವಾಣಿಜ್ಯ ಸಾಲದ ಕಣ್ಣಿನಿಂದ ನೋಡುವುದೇ ಹೆಚ್ಚು. ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಕಟ್ಟಡಕ್ಕೆ ಇನ್ನು ಎಷ್ಟು ವರ್ಷ ಆಯಸ್ಸಿದೆ ಅಂತಲೂ ಕೇಳುತ್ತಾರೆ.

ಗುಬ್ಬಿಗೇಟ್ ಓನರ್

ಬ್ಯಾಂಕ್ ಸಾರ್, ನಿಮ್ಮ ಲೆಕ್ಕ ತಪ್ಪಲ್ಲ. ಆದರೆ ಆ ಲೆಕ್ಕ ನೋಡಿದರೆ ತುಮಕೂರಿನಲ್ಲಿ ಯಾರೂ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಲೇ ಇರಲಿಲ್ಲ! ನಮ್ಮ ತಂದೆ ಕಟ್ಟಿಸಿದ ಆರು ಮನೆ ನಾನು ನೋಡಿಕೊಳ್ಳುತ್ತಿದ್ದೇನೆ. ಬಾಡಿಗೆಯಿಂದ ಯಾರೂ ಸಾಹುಕಾರ ಆಗಲ್ಲ, ಒಪ್ಪಿದೆ. ಊರ ನಡುವಿನ ಹಳೇ ಮನೆ ಖಾಲಿ ಬೀಳುವುದು ಮಾತ್ರ ಕಡಿಮೆ. ಕಾಲೇಜು, ಆಸ್ಪತ್ರೆ, ಬಸ್‌ಸ್ಟ್ಯಾಂಡು ಎಲ್ಲ ಹತ್ತಿರ. ಹೊರಗೆ ರಿಂಗ್ ರೋಡ್ ಆಚೆ ಹೊಸ ಲೇಔಟಿನಲ್ಲಿ ಚೆಂದದ ಮನೆ ಕಟ್ಟಿ ಬೋರ್ಡು ನೇತುಹಾಕಿ ಕೂತವರನ್ನು ನೋಡಿದ್ದೇನೆ.

ಬಾಡಿಗೆದಾರ ಮನೆ ನೋಡಲು ಬಂದಾಗ ಮೊದಲು ಕೇಳುವುದು ನೀರು. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಊರಿಗೆ ಬರುತ್ತೆ, ಸರಿ. ಆದರೆ ನಲ್ಲಿಯಲ್ಲಿ ನೀರು ಬಿಡುವುದು ಪಾಲಿಕೆಯವರ ಸರದಿ ಪ್ರಕಾರ. ಬಂದ ಹೊತ್ತಲ್ಲಿ ಎಂಟು ಮನೆಗೆ ಸಾಲುವಷ್ಟು ಹಿಡಿದಿಡುವ ಸಂಪು ಇದೆಯಾ? ಬೋರು ಯಾವಾಗ ಕೊರೆಸಿದ್ದು, ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತೆ? ಏಪ್ರಿಲ್, ಮೇನಲ್ಲಿ ಟ್ಯಾಂಕರ್ ಹೊಡೆಸುತ್ತಾರಾ? ಇದನ್ನು ಓನರ್ ಹತ್ತಿರ ಕೇಳಬೇಡಿ. ಎದುರು ಮನೆಯವರ ಹತ್ತಿರ ಕೇಳಿ.

ಆಮೇಲೆ ಇನ್ನೊಂದು. ಎಂಟಕ್ಕೆ ಎಂಟೂ ಬಾಡಿಗೆಗೆ ಇವೆಯಾ ಅಥವಾ ಯಾವುದಾದರೂ ಭೋಗ್ಯಕ್ಕೆ (ಮೊದಲೇ ದೊಡ್ಡ ಮೊತ್ತ ಇಸ್ಕೊಂಡು, ತಿಂಗಳ ಬಾಡಿಗೆ ಇಲ್ಲದೆ ಕೊಡುವುದು) ಇದೆಯಾ? ಯಜಮಾನರು ತೀರಿಕೊಂಡ ಮನೆ ಅಂತೀರಿ. ಆಸ್ಪತ್ರೆ ಖರ್ಚಿಗೋ ಮಗಳ ಮದುವೆಗೋ ಒಂದೆರಡು ಮನೆ ಭೋಗ್ಯಕ್ಕೆ ಹಾಕಿರುತ್ತಾರೆ.

ಮೂರನೇ ಮಹಡಿ

ನಾನು ಇಂಥದ್ದೇ ಒಂದು ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇರುವವಳು. ನಿಮ್ಮದಲ್ಲ, ಅಶೋಕನಗರದ ಕಡೆ. ಬಾಡಿಗೆದಾರರ ಮಾತೂ ಒಂದು ಸೇರಲಿ ಅಂತ ಬರೆಯುತ್ತಿದ್ದೇನೆ.

ಮೇಲಿನ ಮನೆಗೆ ಬಾಡಿಗೆ ಕಡಿಮೆ ಅಂತ ಸುಮ್ನೆ ಬರೆದಿದ್ದೀರಿ. ಯಾಕೆ ಕಡಿಮೆ ಅಂತ ಗೊತ್ತಿರಲಿ. ತಲೆ ಮೇಲೆ ಬರೀ ಮೋಲ್ಡು, ಮಾರ್ಚಿನಿಂದ ಮನೆಯೊಳಗೆ ಬೇಯುತ್ತೆ. ಗ್ಯಾಸ್ ಸಿಲಿಂಡರ್ ತರುವ ಹುಡುಗ ಮೆಟ್ಟಿಲಿಗೆ ಬೇರೆ ದುಡ್ಡು ಕೇಳುತ್ತಾನೆ. ಅತ್ತೆಗೆ ಮಂಡಿ ನೋವು, ಅವರು ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಾರೆ. ವಯಸ್ಸಾದವರು ಇರುವ ಸಂಸಾರ ಮೇಲೆ ಬರಲ್ಲ. ಬಂದರೆ ಹುಡುಗರು, ಹೊಸದಾಗಿ ಮದುವೆಯಾದವರು. ಅವರು ಒಂದು ವರ್ಷ ಇದ್ದರೆ ಹೆಚ್ಚು.

ಈಗ ಮುಖ್ಯ ವಿಷಯ. ಎಂಟು ಮನೆಗೆ ಎಂಟು ಮೀಟರ್ ಇದೆಯಾ ನೋಡಿ. ನಮ್ಮಲ್ಲಿ ಮೇಲಿನ ಎರಡು ಮನೆಗೆ ಸೇರಿ ಒಂದೇ ಆರ್‌ಆರ್ ನಂಬರ್. ಉಚಿತ ಕರೆಂಟಿನ ಗೃಹಜ್ಯೋತಿ ಬಂದಿದ್ದು 2023ರಲ್ಲಿ. ಬಾಡಿಗೆಯವರಿಗೂ ಸಿಗುತ್ತೆ, ಆದರೆ ಒಂದು ಮೀಟರಿಗೆ ಒಂದು ಲೆಕ್ಕ. ಎರಡು ಸಂಸಾರದ ಫ್ರಿಜ್ಜು, ಗೀಸರು, ಫ್ಯಾನು ಎಲ್ಲ ಒಂದೇ ಮೀಟರಿನಲ್ಲಿ ಓಡಿದರೆ ಬೇಸಿಗೆಯಲ್ಲಿ 200 ಯೂನಿಟ್ ದಾಟಿಬಿಡುತ್ತೆ. ದಾಟಿದ ತಿಂಗಳು ಪೂರ್ತಿ ಬಿಲ್ಲು. ಯಾರು ಎಷ್ಟು ಕೊಡಬೇಕು ಅಂತ ಪ್ರತಿ ಸಲ ಜಗಳ. ಕೆಳಗಿನವರಿಗೆ ಸೊನ್ನೆ ಬಿಲ್ಲು, ನಮಗೆ ಮಾತ್ರ ಈ ಕಾಟ. ಈಗ ಮನೆ ಹುಡುಕುವವರು ಅಡ್ವಾನ್ಸ್ ಎಷ್ಟು ಅನ್ನುವ ಮೊದಲೇ ‘ಮೀಟರ್ ಬೇರೆ ಇದೆಯಾ’ ಅಂತ ಕೇಳುತ್ತಾರೆ.

ಕುಣಿಗಲ್ ರಸ್ತೆಯವ

ಅಕ್ಕ, ತುಂಬಾ ಒಳ್ಳೆಯದಾಯ್ತು ಹೇಳಿದ್ದು. ಮೀಟರ್ ಬೋರ್ಡಿನ ಫೋಟೋ ತೆಗೆದಿದ್ದೆ, ಈಗ ಎಣಿಸಿದೆ. ಏಳು ಇವೆ. ಅದರಲ್ಲಿ ಒಂದು ಮೋಟಾರಿಗೆ ಅಂತ ಬರೆದಿದೆ. ಅಂದರೆ ಎಂಟು ಮನೆಗೆ ಆರು.

ಕಂಬಿ ಮತ್ತು ಜಲ್ಲಿ

ಆರು ಮೀಟರ್, ಎಂಟು ಮನೆ. ಹಾಗಾದರೆ ಮೂರನೇ ಮಹಡಿ ಆಮೇಲೆ ಏರಿಸಿದ್ದು. ಪ್ಲಾನಿನಲ್ಲಿ ಇರಲಿಕ್ಕಿಲ್ಲ. ಬೇಕಾದರೆ ನೋಡಿ.

ನಾನು ಸಿವಿಲ್ ಎಂಜಿನಿಯರ್. ಹಳೇ ಕಟ್ಟಡ ನೋಡುವುದೇ ಕೆಲಸ. ನೋಡಲು ಹೋದಾಗ ಮುಂಭಾಗ ನೋಡಬೇಡಿ. ಮಾರುವ ಮುಂಚೆ ಎಲ್ಲರೂ ಅಲ್ಲಿ ಬಣ್ಣ ಹೊಡೆಸುತ್ತಾರೆ. ನೇರ ಟಾರಸಿಗೆ ಹೋಗಿ. ಕಂಬದ ಕಂಬಿಗಳು ಇನ್ನೂ ಮೇಲೆ ಚಾಚಿಕೊಂಡಿವೆಯಾ? ಹಾಗಿದ್ದರೆ ಇನ್ನೊಂದು ಮಹಡಿಗೂ ಆಸೆ ಇತ್ತು ಅಂತ. ವರ್ಷಗಟ್ಟಲೆ ಮಳೆಯಲ್ಲಿ ನಿಂತ ಆ ಕಂಬಿಯ ತುಕ್ಕು ಒಳಗೂ ಇಳಿದಿರುತ್ತದೆ.

ಕಬ್ಬಿಣ ತುಕ್ಕಾದಾಗ ಗಾತ್ರದಲ್ಲಿ ಹಲವು ಪಟ್ಟು ಉಬ್ಬುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಸೀಳುತ್ತದೆ. ಅದಕ್ಕೇ ತೊಲೆಯ ಕೆಳಮೈಯಲ್ಲಿ ಉದ್ದಕ್ಕೆ, ಕಂಬಿ ಹೋದ ದಾರಿಯಲ್ಲೇ ಬಿರುಕು ಕಾಣುತ್ತದೆ. ಗೋಡೆಯ ಗಾರೆಯಲ್ಲಿ ಅಡ್ಡಾದಿಡ್ಡಿ ಕೂದಲೆಳೆ ಬಿರುಕಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಎಲ್ಲ ಮನೆಯಲ್ಲೂ ಇರುತ್ತದೆ. ತೊಲೆಯ ಉದ್ದದ ಬಿರುಕು, ಕಂಬದ ಮೂಲೆ ಉದುರುವುದು, ಬಚ್ಚಲ ಕೆಳಗಿನ ಮೋಲ್ಡಿನಲ್ಲಿ ಕಂದು ಕಲೆ, ಸಜ್ಜಾದ ತಳ ಬಿದ್ದು ಕಂಬಿ ಬಿಟ್ಟುಕೊಂಡಿರುವುದು, ಇವು ಬೇರೆ ಜಾತಿ. ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದರೆ ಒಳಗೆ ಬಿಟ್ಟುಕೊಂಡಿದೆ.

ಇನ್ನು ಈ ಕಟ್ಟಡ ಕಂಬದ ಮೇಲೆ ನಿಂತಿದೆಯೋ ಗೋಡೆಯ ಮೇಲೋ? ಆ ಕಾಲದಲ್ಲಿ ತುಮಕೂರಿನಲ್ಲಿ ಸೈಜುಗಲ್ಲಿನ ಪಾಯ ಹಾಕಿ, ಇಟ್ಟಿಗೆ ಗೋಡೆಯ ಮೇಲೇ ಮೋಲ್ಡು ಕೂರಿಸಿದ ಮನೆಗಳು ಬೇಕಾದಷ್ಟು. ಎರಡು ಅಂತಸ್ತಿಗೆ ಹಾಕಿದ ಪಾಯದ ಮೇಲೆ ನಾಲ್ಕು ಏರಿಸಿದವರೂ ಇದ್ದಾರೆ. ಗೋಡೆ ಮೇಲೆ ನಿಂತಿದ್ದರೆ ಎರಡು ರೂಮು ಒಡೆದು ಹಾಲ್ ದೊಡ್ಡದು ಮಾಡೋಣ ಅನ್ನುವ ಮಾತನ್ನು ಮರೆತುಬಿಡಿ. ಲಿಫ್ಟ್ ಹಾಕಿಸುತ್ತೇನೆ ಅನ್ನುವುದನ್ನೂ.

ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ರಿಬೌಂಡ್ ಹ್ಯಾಮರ್ ಅಂತ ಒಂದು ಸಲಕರಣೆ ಇದೆ, ಕಾಂಕ್ರೀಟಿನ ಮೇಲ್ಮೈ ಎಷ್ಟು ಗಟ್ಟಿ ಇದೆ ಅಂತ ಅಂದಾಜು ಕೊಡುತ್ತದೆ. ಅಂದಾಜು ಮಾತ್ರ. ಅನುಮಾನ ಬಂದ ಕಡೆ ಒಂದೆರಡು ಜಾಗ ಕೆತ್ತಿ ಕಂಬಿ ನೋಡಲೇಬೇಕು. ಮಾರುವವರು ಕೆತ್ತಲು ಬಿಡಲ್ಲ ಅಂದರೆ ಅದೂ ಒಂದು ಉತ್ತರವೇ.

ಪೈಪು, ವೈರಿಂಗು ಬಗ್ಗೆ ಜಾಸ್ತಿ ಹೇಳಲ್ಲ. ಆ ಕಾಲದ್ದು ಜಿಐ ಪೈಪು. ನಮ್ಮ ಬೋರ್ ನೀರಿನ ಗಡಸಿಗೆ ಒಳಗೆ ಉಪ್ಪು ಕಟ್ಟಿ ಕಿರುಬೆರಳೂ ತೂರದ ಹಾಗೆ ಆಗಿರುತ್ತದೆ. ಬದಲಾಯಿಸಲೇಬೇಕು ಅಂತ ಲೆಕ್ಕ ಹಾಕಿ. ವೈರಿಂಗೂ ಅಷ್ಟೇ. ಅರ್ಥಿಂಗ್ ಇಲ್ಲದ ಮನೆಗೆ ಗೀಸರ್ ಹಾಕಿಸಿ ಬಾಡಿಗೆಗೆ ಕೊಡಬೇಡಿ ದಯವಿಟ್ಟು.

ಕೋರ್ಟು ಕಚೇರಿ

ನಾನು ವಕೀಲೆ. ಕಾಗದದ ಮಾತು ಇನ್ನೂ ಯಾರೂ ಎತ್ತಿಲ್ಲ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಯಜಮಾನರು ಉಯಿಲು ಬರೆದಿಟ್ಟಿದ್ದಾರಾ? ಇಲ್ಲದಿದ್ದರೆ ಹೆಂಡತಿ, ಮೂವರೂ ಮಕ್ಕಳು, ಯಜಮಾನರ ತಾಯಿ ಬದುಕಿದ್ದರೆ ಅವರೂ ಸೇರಿ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಸೈಟು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅಂತ ಬೇರೆ ನೋಡಬೇಕು. ಪಿತ್ರಾರ್ಜಿತವಾದರೆ ಯಜಮಾನರ ಅಕ್ಕತಂಗಿಯರ ಪಾಲಿನ ಪ್ರಶ್ನೆಯೂ ಬರುತ್ತದೆ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಸಮಪಾಲುದಾರರು. ಅದಕ್ಕೆ ತಂದೆ ಆಗ ಬದುಕಿರಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ‘ತಂಗಿಗೆ ಮದುವೆಯಲ್ಲಿ ಕೊಟ್ಟಿದ್ದೀವಿ, ಅವಳು ಕೇಳಲ್ಲ’ ಅನ್ನುವ ಮಾತು ನೋಂದಣಿ ಕಚೇರಿಯ ತನಕ ಮಾತ್ರ. ಆಮೇಲೆ ಅದೇ ತಂಗಿ ವಿಭಾಗದ ದಾವೆ ಹಾಕಿದಾಗ ನೀವು ಪ್ರತಿವಾದಿ. ಮಗಳ ಸಹಿ ಇಲ್ಲದೆ ಒಂದು ಪೈಸೆ ಕೊಡಬೇಡಿ. ಜಿಪಿಎ (ಇನ್ನೊಬ್ಬರ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ) ತೋರಿಸಿದರೆ ಅದು ನೋಂದಣಿ ಆಗಿದೆಯಾ, ಕೊಟ್ಟವರು ಬದುಕಿದ್ದಾರಾ ನೋಡಿ.

ಇಸಿಯನ್ನು (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಪತ್ರ) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಸಿ, ಅಷ್ಟಕ್ಕೇ ನಿಲ್ಲಬೇಡಿ. ಅಲ್ಲಿ ಸಿಗುವುದು 2004ರ ಈಚಿನದು. ನಿಮ್ಮ ಕಟ್ಟಡ ಅದಕ್ಕಿಂತ ಹಳೆಯದು, ಸೈಟು ಇನ್ನೂ ಹಳೆಯದು. ಹಿಂದಿನದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕೈಬರಹದ ಪುಸ್ತಕದಿಂದಲೇ ತೆಗೆಸಬೇಕು. ಇಸಿಯಲ್ಲಿ ಕಾಣದ ಸಾಲವೂ ಇರಬಹುದು. ಮೂಲಪತ್ರಗಳನ್ನು ಇಟ್ಟುಕೊಂಡು ಬ್ಯಾಂಕು ಕೊಟ್ಟ ಸಾಲ ಇದ್ದರೆ, ಅಂಥ ಅಡಮಾನಗಳು ದಾಖಲಾಗುವ ಸೆರ್ಸೈ ಪೋರ್ಟಲ್‌ನಲ್ಲಿ ಹುಡುಕಿ. ಜೆರಾಕ್ಸ್ ತೋರಿಸಿ ‘ಮೂಲಪತ್ರ ಅಣ್ಣನ ಹತ್ತಿರ ಇದೆ’ ಅಂದರೆ ಅಣ್ಣನ ಮನೆಗೇ ಹೋಗಿ ನೋಡಿ. ಕೋರ್ಟಿನಲ್ಲಿ ಕೇಸಿದೆಯಾ ಅಂತ ಇ-ಕೋರ್ಟ್ಸ್ ತಾಣದಲ್ಲಿ ಎಲ್ಲರ ಹೆಸರು ಹಾಕಿ ಹುಡುಕಬಹುದು.

ಇ-ಖಾತಾ ಕೇಳಿ. ಅದಿಲ್ಲದೆ ಈಗ ನೋಂದಣಿ ಆಗುವುದಿಲ್ಲ. ಅದು ಸಕ್ರಮ ಆಸ್ತಿಯ ಎ ಖಾತೆಯೋ ಮಂಜೂರಾತಿ ಇಲ್ಲದ ಆಸ್ತಿಯ ಬಿ ಖಾತೆಯೋ, ಅದರಲ್ಲಿ ಕಟ್ಟಡದ ವಿಸ್ತೀರ್ಣ ಎಷ್ಟು ಬರೆದಿದೆ ನೋಡಿ. ಪಾಲಿಕೆಯ ಲೈಸೆನ್ಸು, ಮಂಜೂರಾದ ನಕ್ಷೆ, ಕಂದಾಯ ರಸೀದಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಂಜಿನಿಯರ್ ಹೇಳಿದ ಮೂರನೇ ಮಹಡಿ ಗುಟ್ಟು ಅಲ್ಲೇ ಹೊರಬರುತ್ತದೆ. ‘ಅಕ್ರಮ ಸಕ್ರಮ ಬಂದರೆ ಸರಿಹೋಗುತ್ತೆ’ ಅಂತಾರೆ. ನಿಯಮ ಮೀರಿದ ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿದೆ.

ಇನ್ನು ಭೋಗ್ಯ. ಗುಬ್ಬಿಗೇಟಿನವರು ಸರಿಯಾಗಿ ಹಿಡಿದರು. ಕಟ್ಟಡ ಕೊಂಡವರು ಹಳೇ ಓನರ್ ನಿಂತ ಜಾಗದಲ್ಲೇ ನಿಲ್ಲುತ್ತಾರೆ. ಮನೆಯೊಳಗೆ ಒಬ್ಬರು ವಾಸ ಇದ್ದಾರೆ ಅಂದಮೇಲೆ ಅವರ ಹಕ್ಕೇನು ಅಂತ ವಿಚಾರಿಸುವುದು ಕೊಳ್ಳುವವರ ಹೊಣೆ. ವಿಚಾರಿಸದಿದ್ದರೂ ಗೊತ್ತಿತ್ತು ಅಂತಲೇ ಕಾನೂನು ಭಾವಿಸುತ್ತದೆ. ‘ನಾನು ದುಡ್ಡು ಇಸ್ಕೊಂಡಿಲ್ಲ, ಹಳೇ ಓನರನ್ನ ಕೇಳಿ’ ಅಂತ ಹೇಳಿ ಭೋಗ್ಯದವರನ್ನು ಎಬ್ಬಿಸಲು ಆಗುವುದಿಲ್ಲ. ಆದ್ದರಿಂದ ಎಂಟೂ ಮನೆಗೆ ಹೋಗಿ. ಪ್ರತಿಯೊಬ್ಬರಿಂದ ಒಂದು ಹಾಳೆ ಬರೆಸಿ: ಯಾವಾಗಿನಿಂದ ಇದ್ದೇನೆ, ತಿಂಗಳ ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು ಕೊಟ್ಟಿದ್ದೇನೆ, ಎಲ್ಲಿಯ ತನಕ ಬಾಡಿಗೆ ಸಂದಾಯವಾಗಿದೆ. ಬಾಡಿಗೆದಾರರ ಸಹಿ, ಮಾರುವವರ ಸಹಿ. ಬ್ರೋಕರ್ ಚೀಟಿಗೆ ಬೆಲೆ ಇಲ್ಲ.

ಬಟವಾಡಿ ಗುರು

ಲಾಯರ್ ಮೇಡಂ ಇಷ್ಟು ಬರೆದಿದ್ದಕ್ಕೆ ಹೊರಗೆ ಎಷ್ಟು ಫೀಸ್ ಆಗ್ತಿತ್ತು ಅಂತ ಯೋಚಿಸ್ತಿದ್ದೀನಿ.

ಕೋರ್ಟು ಕಚೇರಿ

ಇಷ್ಟನ್ನು ಮಾಡದೆ ಕೊಂಡು ಆಮೇಲೆ ಬಂದರೆ ಅದಕ್ಕಿಂತ ಜಾಸ್ತಿ ಆಗುತ್ತೆ. ಅದನ್ನೂ ಯೋಚಿಸಿ.

ಚಿಕ್ಕಬಳ್ಳಾಪುರದವ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ತಲೆನೋವು ಬೇಕಾ? ಅದೇ ದುಡ್ಡಿಗೆ ವಸಂತನರಸಾಪುರದ ಕಡೆ ಎರಡು ಮೂರು ಸೈಟು ತಗೊಂಡು ಬಿಟ್ಟರೆ ಆಗಲ್ವಾ? ನಮ್ಮಲ್ಲಿ ನಂದಿ ಕಡೆ ಎಲ್ಲರೂ ಹಾಗೇ ಮಾಡಿದ್ದು.

ಗುಬ್ಬಿಗೇಟ್ ಓನರ್

ಸೈಟು ಬಾಡಿಗೆ ಕೊಡುತ್ತಾ ಸ್ವಾಮಿ? ಅವರ ಅಮ್ಮನಿಗೆ ತಿಂಗಳ ದುಡ್ಡು ಬೇಕು ಅಂತಿದ್ದಾರೆ. ಅದೂ ಅಲ್ಲದೆ ಕೈಗಾರಿಕಾ ಪ್ರದೇಶದ ಸುತ್ತ ಬರೀ ಕಂದಾಯ ಜಮೀನಿನ ಲೇಔಟುಗಳು. ಮಂಜೂರಾದ ಜಮೀನೋ ಏನೋ ಅಂತ ಬೇರೆ ನೋಡಬೇಕು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ದರೆ ಅದನ್ನು ಮಾರಿದ ಮೇಲೂ ವಾಪಸು ಕೊಡಿಸುವ 1978ರ ಪಿಟಿಸಿಎಲ್ ಕಾಯ್ದೆ ಇದೆ. 2023ರ ತಿದ್ದುಪಡಿ ಆದಮೇಲೆ ತಡವಾಯ್ತು ಅನ್ನುವ ನೆಪವೂ ನಡೆಯಲ್ಲ. ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದಾಗ ಗುಬ್ಬಿ ರಸ್ತೆಯಲ್ಲಿ ಸೈಟು ಕೊಳ್ಳಲು ಜನ ಹೇಗೆ ಮುಗಿಬಿದ್ದರು ಅಂತ ಕಣ್ಣಾರೆ ನೋಡಿದ್ದೇನೆ. ಅದು ಬೇರೆ ಆಟ.

ಕುಣಿಗಲ್ ರಸ್ತೆಯವ

ನಿಮ್ಮ ಮಾತು ಕೇಳಿ ಎಂಟೂ ಮನೆಯ ಬಾಗಿಲು ತಟ್ಟಿ ಬಂದೆ. ಗೊತ್ತಾದ ವಿಷಯ ಹೇಳುತ್ತೇನೆ.

ಕೆಳಗಿನ ಒಂದು ಮನೆ 7 ಲಕ್ಷಕ್ಕೆ, ಮೊದಲ ಮಹಡಿಯ ಒಂದು ಮನೆ 6 ಲಕ್ಷಕ್ಕೆ ಭೋಗ್ಯದಲ್ಲಿವೆ. ಎರಡೂ ಛಾಪಾಕಾಗದದಲ್ಲಿ ಬರೆದಿದ್ದಾರೆ, ನೋಂದಣಿ ಆಗಿಲ್ಲ. ಅಂದರೆ ನಿಜವಾಗಿ ಬರುತ್ತಿರುವ ಬಾಡಿಗೆ 44,500. ಬ್ರೋಕರ್ ಕೇಳಿದರೆ ‘ಬಾಡಿಗೆಗೆ ಕೊಟ್ಟರೆ ಇಷ್ಟು ಬರುತ್ತೆ ಅಂತ ಬರೆದಿದ್ದು ಸಾರ್’ ಅಂದ. ಉಳಿದ ಆರು ಮನೆಯ ಅಡ್ವಾನ್ಸ್ ಸೇರಿ 3 ಲಕ್ಷ. ಎಲ್ಲ ಸೇರಿದರೆ 16 ಲಕ್ಷ ಆ ಕಟ್ಟಡದ ತಲೆ ಮೇಲಿದೆ.

ಎಂಜಿನಿಯರ್ ಸರ್ ಹೇಳಿದ್ದು ಸರಿ. ಪಾಲಿಕೆಯ ನಕ್ಷೆಯಲ್ಲಿ ಇರುವುದು ನೆಲಮಹಡಿ ಮತ್ತು ಎರಡು. ಇ-ಖಾತಾ ಎ ಖಾತೆಯೇ, ಆದರೆ ಕಂದಾಯ ಕಟ್ಟುತ್ತಿರುವುದು ಮೂರು ಅಂತಸ್ತಿಗೆ. ಮೇಲಿನ ಎರಡು ಮನೆಗೆ ಎರಡನೇ ಮಹಡಿಯ ಮೀಟರಿನಿಂದಲೇ ಲೈನ್ ಎಳೆದಿದ್ದಾರೆ. ಕೆಳಗಿನವರಿಗೂ ಮೇಲಿನವರಿಗೂ ಮಾತಿಲ್ಲ.

ಮಗಳಿಗೆ ಫೋನ್ ಮಾಡಿದೆ. ಮಾರುವ ವಿಷಯ ಅವರಿಗೆ ಗೊತ್ತಿತ್ತು, ರೇಟು ಗೊತ್ತಿರಲಿಲ್ಲ. ಅಣ್ಣ 1.40 ಅಂತ ಹೇಳಿದ್ದರಂತೆ. ನಾನು ಸುಮ್ಮನಾದೆ.

ಬಟವಾಡಿ ಗುರು

ಇದಪ್ಪಾ ವಿಷಯ ಅಂದ್ರೆ!

ನಿವೃತ್ತ ಬ್ಯಾಂಕಿನವ

44,500ರ ಲೆಕ್ಕದಲ್ಲಿ ಖರ್ಚು ಕಳೆದು ಶೇ 2ರ ಆಸುಪಾಸು. ಬ್ಯಾಂಕಿನ ವ್ಯಾಲ್ಯೂಯರ್ ನಕ್ಷೆಯಲ್ಲಿ ಇಲ್ಲದ ಮಹಡಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಲೆ ಮಾತಾಡುವ ಮುಂಚೆ ಬ್ಯಾಂಕಿಗೆ ಅರ್ಜಿ ಹಾಕಿ ವ್ಯಾಲ್ಯೂಯೇಷನ್ ಮಾಡಿಸಿ. ಅದಕ್ಕೆ ಕೊಡುವ ಶುಲ್ಕ ದಂಡ ಅಲ್ಲ. ಆ ಕಾಗದವನ್ನೇ ಮಾರುವವರ ಮುಂದೆ ಇಟ್ಟು ಕೂರಬಹುದು.

ತೆರಿಗೆ ಬಗ್ಗೆ ಎರಡು ಮಾತು. ಬಾಡಿಗೆ ಆದಾಯದಲ್ಲಿ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30 ನೇರ ಕಡಿತ, ಆಮೇಲೆ ಸಾಲದ ಬಡ್ಡಿ. ನಿಮಗೆ ನಷ್ಟವೇ ಬರುತ್ತದೆ. ಹಳೇ ತೆರಿಗೆ ಪದ್ಧತಿಯಲ್ಲಿ ಅದರಲ್ಲಿ 2 ಲಕ್ಷದ ತನಕ ಸಂಬಳದ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಅದು ಇಲ್ಲ. ಇನ್ನೊಂದು, 50 ಲಕ್ಷ ಮುಟ್ಟಿದ ಆಸ್ತಿ ಕೊಳ್ಳುವಾಗ ಶೇ 1 ಟಿಡಿಎಸ್ ಹಿಡಿದು ಕಟ್ಟುವುದು ಕೊಳ್ಳುವವರ ಕೆಲಸ. ಮಾರುವವರು ನಾಲ್ವರು, ಒಬ್ಬೊಬ್ಬರ ಪಾಲು 50ಕ್ಕಿಂತ ಕಡಿಮೆ ಅಂತ ತಪ್ಪಿಸಿಕೊಳ್ಳುವ ದಾರಿ 2024ರ ಅಕ್ಟೋಬರ್‌ನಿಂದ ಮುಚ್ಚಿದೆ. ಒಟ್ಟು ಮೊತ್ತವನ್ನೇ ನೋಡುತ್ತಾರೆ.

ಮೂರನೇ ಮಹಡಿ

ಮೇಲಿನ ಎರಡು ಮನೆಗೆ ಹೊಸ ಮೀಟರ್ ಹಾಕಿಸಿಕೊಡ್ತೀರಾ? ನೀವು ತಗೊಂಡರೆ ಅಂತ ಕೇಳ್ತಿದ್ದೀನಿ. ನಮ್ಮ ಓನರ್ ಎರಡು ವರ್ಷದಿಂದ ‘ಆಗುತ್ತಮ್ಮ’ ಅಂತಲೇ ಇದ್ದಾರೆ.

ಕಂಬಿ ಮತ್ತು ಜಲ್ಲಿ

ಮೇಡಂ, ಅದು ಓನರ್ ಕೈಲೂ ಇಲ್ಲ ಈಗ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಆಮೇಲೆ ಸ್ವಾಧೀನ ಪತ್ರ (ಒಸಿ, ನಕ್ಷೆಯಂತೆ ಕಟ್ಟಿದ್ದಾರೆ ಅಂತ ಪಾಲಿಕೆ ಕೊಡುವ ಪತ್ರ) ಇಲ್ಲದ ಕಟ್ಟಡಕ್ಕೆ ಬೆಸ್ಕಾಂನವರು ಹೊಸ ಸಂಪರ್ಕ ಕೊಡುವುದು ಕಷ್ಟವಾಯಿತು. 1,200 ಚದರಡಿಯ ಒಳಗಿನ ಸೈಟಿನ ಸಣ್ಣ ಮನೆಗಳಿಗೆ ವಿನಾಯಿತಿ ಬಂತು. 40×60 ಅಂದರೆ 2,400. ನಕ್ಷೆಯಲ್ಲೇ ಇಲ್ಲದ ಮಹಡಿಗೆ ಸ್ವಾಧೀನ ಪತ್ರ ಎಲ್ಲಿಂದ ತರುತ್ತಾರೆ?

ಆದ್ದರಿಂದ ಕುಣಿಗಲ್ ರಸ್ತೆಯವರೇ, ನಿಮ್ಮ ಲೆಕ್ಕದಲ್ಲಿ ಮೂರನೇ ಮಹಡಿಯನ್ನು ಸೊನ್ನೆ ಅಂತ ಹಿಡಿಯಿರಿ. ಅದರ ಬಾಡಿಗೆ 12,000 ಬಂದಷ್ಟು ದಿನ ಬರಲಿ. ಅದಕ್ಕೆ ಬೆಲೆ ಕೊಡಬೇಡಿ. ಆರು ಮನೆ ಇರುವ ಸೈಟು ಅಂತ ಬೆಲೆ ಕಟ್ಟಿ.

ಗುಬ್ಬಿಗೇಟ್ ಓನರ್

ಇದು ಸರಿಯಾದ ಮಾತು. ನನ್ನ ಕೇಳಿದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗ್ತೀನಿ. ಇಂಥ ಕಡೆ ಕೊಡುವ ದುಡ್ಡೆಲ್ಲ ಸೈಟಿಗೇ. ಮೇಲಿರುವ ಕಟ್ಟಡ ಸಾಲದ ಬಡ್ಡಿ ಸ್ವಲ್ಪ ಹೊರಲು ಇದೆ ಅಷ್ಟೆ. ಸೈಟಿನ ಬೆಲೆಗಿಂತ ತುಂಬಾ ಮೇಲೆ ಹೋಗಬೇಡಿ.

ಪಿಜಿ ಮಾಡಿ ಅಂತ ಯಾರಾದರೂ ಹೇಳುತ್ತಾರೆ, ಎಸ್‌ಐಟಿ ಪಕ್ಕ ಅಲ್ವಾ. ಬಾಡಿಗೆ ಡಬಲ್ ಕಾಣುತ್ತೆ. ಕರೆಂಟು ವಾಣಿಜ್ಯ ದರಕ್ಕೆ ಹೋಗುತ್ತೆ, ಪಾಲಿಕೆ ಪರವಾನಗಿ ಬೇಕು, ನೀರು ಮೂರು ಪಟ್ಟು. ಜೊತೆಗೆ ಅಡುಗೆಯವನು ಊರಿಗೆ ಹೋದ ದಿನ ನೀವೇ ಚಿತ್ರಾನ್ನ ಕಲಸಬೇಕು. ಸಂಬಳದ ಕೆಲಸ ಇಟ್ಟುಕೊಂಡು ಅದು ಆಗದ ಮಾತು.

ಕುಣಿಗಲ್ ರಸ್ತೆಯವ

ಹೊಸ ಸುದ್ದಿ. ಬ್ಯಾಂಕಿನ ವ್ಯಾಲ್ಯೂಯರ್ ಬಂದು ನೋಡಿ ಹೋದರು. 1 ಕೋಟಿ 45 ಲಕ್ಷ ಬರೆದಿದ್ದಾರೆ. ಮೂರನೇ ಮಹಡಿಯ ಮುಂದೆ ‘ಪರಿಗಣಿಸಿಲ್ಲ’ ಅಂತಿದೆ.

ಸ್ಟ್ರಕ್ಚರಲ್ ಎಂಜಿನಿಯರ್ ವರದಿಯೂ ಬಂತು. ಕಟ್ಟಡ ಕಂಬದ ಮೇಲೇ ನಿಂತಿದೆ, ಪಾಯದ ಬಗ್ಗೆ ಭಯ ಇಲ್ಲ. ಹಿಂದಿನ ಬಚ್ಚಲುಗಳ ಸಾಲಿನಲ್ಲಿ ಮೋಲ್ಡು ಕೆಟ್ಟಿದೆ, ಎರಡು ತೊಲೆಗೆ ರಿಪೇರಿ ಬೇಕು. ಸಜ್ಜಾಗಳು, ಟಾರಸಿಯ ವಾಟರ್‌ಪ್ರೂಫಿಂಗು, ಪೈಪು, ವೈರಿಂಗು ಎಲ್ಲ ಸೇರಿ 14 ಲಕ್ಷದ ಅಂದಾಜು. ಮೇಲಿನ ಮಹಡಿಯ ಮೇಲೆ ಇನ್ನೇನೂ ಭಾರ ಹೇರಬೇಡಿ, ದೊಡ್ಡ ಟ್ಯಾಂಕನ್ನೂ ಇಡಬೇಡಿ ಅಂದಿದ್ದಾರೆ. ಕೆತ್ತಿ ನೋಡಲು ಯಜಮಾನರ ಹೆಂಡತಿ ಒಪ್ಪಿದರು. ಮಕ್ಕಳಿಗಿಂತ ಅವರೇ ನೇರ.

ಎರಡೂ ಕಾಗದ ಇಟ್ಟುಕೊಂಡು ಹೋಗಿ 1.50 ಕೇಳಿದೆ. ದೊಡ್ಡ ಮಗ ‘ಬೇರೆ ಪಾರ್ಟಿ 1.75ಕ್ಕೆ ರೆಡಿ ಇದ್ದಾರೆ’ ಅಂತ ಎದ್ದು ಹೋದರು.

ಬಟವಾಡಿ ಗುರು

ಆ ಬೇರೆ ಪಾರ್ಟಿ ತುಮಕೂರಿನ ಪ್ರತಿ ಬೀದಿಯಲ್ಲೂ ರೆಡಿ ಇರ್ತಾನೆ. ಇವತ್ತಿನ ತನಕ ಒಬ್ಬರೂ ಮುಖ ನೋಡಿಲ್ಲ. ಸುಮ್ನೆ ಇರು, ಫೋನ್ ಬರುತ್ತೆ.

ನಿವೃತ್ತ ಬ್ಯಾಂಕಿನವ

ಟೋಕನ್ ಕೊಟ್ಟಿದ್ದೀರಾ?

ಕುಣಿಗಲ್ ರಸ್ತೆಯವ

ಇಲ್ಲ ಸರ್. ಬ್ರೋಕರ್ ಒಂದು ಲಕ್ಷ ಕೊಡಿ, ಹಿಡಿದಿಡ್ತೀನಿ ಅಂದ. ಕೊಡಲಿಲ್ಲ.

ಕುಣಿಗಲ್ ರಸ್ತೆಯವ

ಫೋನ್ ಬಂತು. ಮಗಳು ಮಾಡಿದ್ದು. ಅವರ ತಾಯಿಯ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ 1 ಕೋಟಿ 58 ಲಕ್ಷಕ್ಕೆ ಬಂದಿದ್ದೇವೆ. ನಾಲ್ವರೂ ಸಹಿ ಹಾಕುತ್ತಾರೆ. ಉಯಿಲು ಇಲ್ಲ, ಸೈಟು ಯಜಮಾನರು ಸ್ವಂತ ಸಂಪಾದನೆಯಲ್ಲಿ ಕೊಂಡಿದ್ದು, ಯಜಮಾನರ ತಾಯಿ ಮೊದಲೇ ತೀರಿಕೊಂಡಿದ್ದಾರೆ. ಹಳೇ ಇಸಿ ತೆಗೆಸಿದ್ದೇನೆ, ಏನೂ ಇಲ್ಲ. ಅಡ್ವಾನ್ಸಿನ 3 ಲಕ್ಷ ಬೆಲೆಯಲ್ಲೇ ಮುರಿದುಕೊಳ್ಳುವುದು, ಆ ಹೊಣೆ ನನ್ನದು. ಭೋಗ್ಯದ 13 ಲಕ್ಷ ಅವರೇ ತೀರಿಸುವುದು.

ರಿಜಿಸ್ಟ್ರೇಷನ್, ರಿಪೇರಿ ಎಲ್ಲ ಸೇರಿ ಸಾಲ 70 ಲಕ್ಷದ ಆಸುಪಾಸಿಗೆ ಇಳಿಯಿತು. ಕಂತು 73 ಸಾವಿರ ಬರಬಹುದು. ಭೋಗ್ಯದ ಮನೆಗಳು ಬಾಡಿಗೆಗೆ ಬಂದರೂ ಕೈಯಿಂದ ಹಾಕಬೇಕು, ಗೊತ್ತಿದೆ. ಅಮ್ಮನಿಗೆ ಸದ್ಯಕ್ಕೆ ಕೆಳಗಿನ ಒಂದು ಮನೆಯ ಬಾಡಿಗೆ ಅಂತ ನಾನೇ ಗೊತ್ತು ಮಾಡಿದ್ದೇನೆ.

ನಿವೃತ್ತ ಬ್ಯಾಂಕಿನವ

ನನಗೆ ಇದು ಈಗಲೂ ಅಷ್ಟು ಇಷ್ಟವಿಲ್ಲ. ಎಫ್‌ಡಿಯಲ್ಲಿ ಇಟ್ಟರೆ ಇದರ ಎರಡರಷ್ಟು ಬರುತ್ತದೆ, ಪೈಪು ಒಡೆಯಲ್ಲ. ಆದರೆ 1.85ಕ್ಕೆ ಹೋಲಿಸಿದರೆ ಈಗ ನಿಮ್ಮ ಕೈಯಲ್ಲಿರುವುದು ಬೇರೆಯೇ ವ್ಯವಹಾರ. ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ, ಶೇ 5 ರಿಯಾಯಿತಿ ಇದೆ.

ಕೋರ್ಟು ಕಚೇರಿ

ಭೋಗ್ಯವನ್ನು ‘ಅವರೇ ತೀರಿಸುವುದು’ ಅಂತ ಬರೀ ಬಾಯಿಮಾತಿಗೆ ಬಿಡಬೇಡಿ. ಯಾವಾಗ ತೀರಿಸುತ್ತಾರೆ? ಅವರ ಕೈಗೆ ದುಡ್ಡು ಬರುವುದೇ ನಿಮ್ಮಿಂದ. ಹಾಗಾಗಿ ಕರಾರು ಪತ್ರದಲ್ಲಿ ಹೀಗೆ ಬರೆಸಿ: ಆ 13 ಲಕ್ಷವನ್ನು ನೀವು ನೋಂದಣಿ ದಿನ ಭೋಗ್ಯದ ಇಬ್ಬರ ಹೆಸರಿಗೇ ನೇರವಾಗಿ ಡಿಡಿ ಮಾಡಿ ಕೊಡುತ್ತೀರಿ, ಅಷ್ಟನ್ನು ಕ್ರಯದ ಹಣದಲ್ಲಿ ಮುರಿದುಕೊಳ್ಳುತ್ತೀರಿ. ಇಬ್ಬರಿಂದಲೂ ಹಣ ಮುಟ್ಟಿದ ರಸೀದಿ, ಹಳೇ ಛಾಪಾಕಾಗದದ ಮೂಲಪ್ರತಿ ವಾಪಸು ಪಡೆಯಿರಿ. ಕ್ರಯಪತ್ರಕ್ಕೆ ಅವರಿಬ್ಬರನ್ನೇ ಸಾಕ್ಷಿ ಹಾಕಿಸಿ. ಅವರು ಅದೇ ಮನೆಯಲ್ಲಿ ಬಾಡಿಗೆಗೆ ಮುಂದುವರಿಯುವುದಾದರೆ ಅವತ್ತೇ ಹೊಸ ಕರಾರು ಮಾಡಿಕೊಳ್ಳಿ. ಮನೆ ಬಿಡುವುದಾದರೆ ಬೀಗದ ಕೈ ಕೊಟ್ಟಮೇಲೆ ಡಿಡಿ.

ಕುಣಿಗಲ್ ರಸ್ತೆಯವ

ಕೆಳಗಿನ ಮನೆಯವರು ಮುಂದುವರಿಯುತ್ತಾರೆ, 9,000ಕ್ಕೆ ಒಪ್ಪಿದ್ದಾರೆ. ಮೊದಲ ಮಹಡಿಯವರು ಮಗಳ ಪರೀಕ್ಷೆ ಮುಗಿಯುವ ತನಕ ಸಮಯ ಕೇಳಿದ್ದಾರೆ.

ಕೋರ್ಟು ಕಚೇರಿ

ಕೊಡಿ. ಆದರೆ ಆ 6 ಲಕ್ಷ ಅಲ್ಲಿಯವರೆಗೆ ನಿಮ್ಮ ಹತ್ತಿರವೇ ಇರಲಿ, ಮಾರುವವರ ಹತ್ತಿರ ಅಲ್ಲ. ಅದನ್ನೂ ತಾರೀಖು ಹಾಕಿ ಬರೆಸಿ.